ಕಯ್ಯೂರಿನ ನಾಲ್ವರು ನಮಗೇನೂ ಅಲ್ಲವೇ?

ಕಾಸರಗೋಡು ಎಂದೊಡನೆ ನಮಗೆ ನೆನಪಾಗುವುದು ಗಡಿ. 1956ರ ನವೆಂಬರ್ 1ರಂದು ಕೈತಪ್ಪಿ ಕೇರಳದ ಪಾಲಾದ ನೆಲಕ್ಕಾಗಿ ಇಂದಿಗೂ ಭಾಷಣ ಬಿಗಿಯುತ್ತೇವೆ. ಆ ನೆಲವನ್ನು ಉತ್ತವರ ಕೊರಳಿಗೆ ಹಗ್ಗ ಬಿದ್ದ ಸಂಗತಿ ಮಾತ್ರ ನಮ್ಮ ಬಾಯಿಗೆ ಬರುವುದಿಲ್ಲ.

ಕಾಸರಗೋಡಿನ ಕಯ್ಯೂರು ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಹಳ್ಳಿ. ಗದ್ದೆ ಜನ್ಮಿ ಧಣಿಗಳದು, ಬೆವರು ಒಕ್ಕಲಿನದು. ಗೇಣಿ ಅಳೆದುಕೊಟ್ಟ ಮೇಲೂ ವಾಶಿ, ನುರಿ ಎಂದು ಮತ್ತಷ್ಟು ಕಿತ್ತುಕೊಳ್ಳುತ್ತಿದ್ದರು. ಎದುರಾಡಿದವನನ್ನು ಒಕ್ಕಲೆಬ್ಬಿಸಿದರೆ ಕೇಳುವವರಿಲ್ಲ. ಧಣಿಯ ಬೆನ್ನಿಗೆ ಪೊಲೀಸು, ಪೊಲೀಸಿನ ಬೆನ್ನಿಗೆ ಬ್ರಿಟಿಷ್ ಸರಕಾರ, ಸಾಲದ್ದಕ್ಕೆ ಯುದ್ಧಕಾಲದ ಭಾರತ ರಕ್ಷಣಾ ಕಾನೂನು. ಅಂಥ ಹೊತ್ತಿನಲ್ಲೂ ಆ ಜನ ತಮ್ಮ ರೈತ ಸಂಘವನ್ನು ಬಿಡದೆ ನಿಂತರು. ಎಂಥ ಎದೆ ಬೇಕು ಅದಕ್ಕೆ!

1941ರ ಮಾರ್ಚ್‌ನಲ್ಲಿ ಪೊಲೀಸರು ಊರಿಗೆ ನುಗ್ಗಿ, ಬಡಿದು, ಹಿಡಿದೊಯ್ದರು. 28ರಂದು ಊರವರು ಪ್ರತಿಭಟನೆಗೆ ಹೊರಟರು. ಎದುರಿಗೆ ಸಿಕ್ಕಿದ ಪೇದೆ ಸುಬ್ಬರಾಯನ ಕೈಗೆ ಕೆಂಪು ಬಾವುಟ ಕೊಟ್ಟು ಮೆರವಣಿಗೆಯಲ್ಲಿ ನಡೆಸಿದರು. ಆತ ಬಾವುಟದ ಕೋಲು ಮುರಿದು ಜನರ ಮೇಲೆ ಬೀಸಿದ. ಜನ ತಿರುಗಿಬಿದ್ದಾಗ ಹೊಳೆಗೆ ಹಾರಿದ. ದಡದಿಂದ ಕಲ್ಲು ತೂರಿದರು. ಮುಳುಗಿ ಸತ್ತ. ಆ ಸಾವನ್ನು ನಾನು ಕೊಂಡಾಡಲಾರೆ. ಅವನೂ ಸಂಬಳಕ್ಕೆ ದುಡಿಯುವ ಬಡಪಾಯಿ. ಅವನನ್ನು ಆ ಜನರಿಗೆ ಎದುರು ನಿಲ್ಲಿಸಿದವರ ಮೈಗೆ ಹನಿ ನೀರೂ ಸೋಕಲಿಲ್ಲ.

ಆ ಸಾವಿಗಾಗಿ ಗಲ್ಲಿನ ತೀರ್ಪು ಹೊರಬಿದ್ದದ್ದು ನಮ್ಮ ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ಗಲ್ಲಿಗೆ ಗುರಿಯಾದ ಐವರಲ್ಲಿ ಚೂರಿಕ್ಕಾಡನ್ ಕೃಷ್ಣನ್ ನಾಯರ್ ಪ್ರಾಯ ಸಾಲದೆ ಉಳಿದ. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡವರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ – ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನೇಣಿಗೆ ಹಾಕಿದರು. ಅದನ್ನು ನ್ಯಾಯವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಅದು ಸೇಡು. ಧಣಿಯೆದುರು ಇನ್ನಾರೂ ತಲೆಯೆತ್ತದಿರಲಿ ಎಂದು ತೀರಿಸಿಕೊಂಡ ಸೇಡು.

ನೀಲೇಶ್ವರದಲ್ಲಿ ಓದಿದ ಲೇಖಕ ನಿರಂಜನರು ಈ ಕಥೆಯನ್ನೇ 1955ರಲ್ಲಿ ‘ಚಿರಸ್ಮರಣೆ’ ಎಂಬ ಕನ್ನಡ ಕಾದಂಬರಿಯಾಗಿ ಬರೆದರು. ಮಲಯಾಳಿಗಳು ಅದನ್ನು ತಮ್ಮದೇ ಕಾದಂಬರಿಯೆಂಬಂತೆ ಎದೆಗಪ್ಪಿಕೊಂಡರು. ನಾವು ಕಪಾಟಿನಲ್ಲಿಟ್ಟೆವು.

ಅಪ್ಪು, ಅಬೂಬಕ್ಕರ್ ಒಂದೇ ಸಂಘದವರು, ಒಂದೇ ಬೆಳಗ್ಗೆ ನೇಣಿಗೇರಿದವರು. ಇಂದು ಇದೇ ಕರಾವಳಿಯಲ್ಲಿ ಹೆಸರು ಕೇಳಿ ಮೀನು ಕೊಳ್ಳುವ, ಹೆಸರು ಕೇಳಿ ಬಾಡಿಗೆ ಮನೆ ಇಲ್ಲವೆನ್ನುವ ಜನರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ವೇದಿಕೆ ಹತ್ತಿ ಕಾಸರಗೋಡು ನಮ್ಮದು ಎಂದು ಗಂಟಲು ಹರಿದುಕೊಳ್ಳುತ್ತಾರೆ. ಸ್ವಾಮಿ, ನೆಲ ನಿಮ್ಮದಾದರೆ ಪಳ್ಳಿಕ್ಕಲ್ ಅಬೂಬಕ್ಕರ್ ನಿಮ್ಮವನೋ ಅಲ್ಲವೋ? ಮೊದಲು ಅದನ್ನು ಹೇಳಿ.