ಖಾಕಿ ನಾಯಕನಿಗೆ ಶಿಳ್ಳೆ ಹೊಡೆಯುವ ಮುನ್ನ

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಹುಡುಗಿ ಹೇಳಿದಳು: “ಸಾಂಗ್ಲಿಯಾನ ಪಿಕ್ಚರ್‌ನಲ್ಲಿ ಶಂಕರ್‌ನಾಗ್ ಇದ್ದಾರಲ್ಲ ಮೇಡಂ, ಅಂಥ ಒಬ್ಬ ಪೊಲೀಸ್ ಇದ್ದಿದ್ರೆ ಸಾಕಿತ್ತು. ಹೆಂಡ್ತೀಗೆ ಹೊಡೆಯೋರೆಲ್ಲ ಬಾಲ ಮುದುರಿಕೊಳ್ತಿದ್ರು.” ಎಲ್ಲರೂ ಹೌದೌದು ಎಂದರು. ನಾನು ಒಪ್ಪಲಿಲ್ಲ. ಯಾಕೆಂದು ಇಲ್ಲಿ ಬರೆಯುತ್ತಿದ್ದೇನೆ.

1981ರ ‘ಅಂತ’, 1988ರ ‘ಸಾಂಗ್ಲಿಯಾನ’, 1996ರ ‘ಪೊಲೀಸ್ ಸ್ಟೋರಿ’, 2011ರ ‘ಕೆಂಪೇಗೌಡ’ – ನಾನು ಎಲ್ಲವನ್ನೂ ನೋಡಿದವಳೇ. ಇಂಥ ಚಿತ್ರಗಳ ಅಡುಗೆ ಹೆಚ್ಚುಕಡಿಮೆ ಒಂದೇ. ಅಧಿಕಾರಿ ಪ್ರಾಮಾಣಿಕ, ಮೇಲಧಿಕಾರಿ ಹೇಡಿ, ಮಂತ್ರಿಯೇ ಕಳ್ಳ. ಮಧ್ಯದಲ್ಲೊಂದು ವರ್ಗಾವಣೆ ಅಥವಾ ಅಮಾನತು. ವಕೀಲ ಬಂದನೆಂದರೆ ಖಳ ಹೊರಗೆ ಬಂದನೆಂದೇ ಅರ್ಥ. ಆಮೇಲೆ ನಾಯಕ ಕಾನೂನು ಪುಸ್ತಕವನ್ನು ಪಕ್ಕಕ್ಕಿಟ್ಟು ತೋಳು ಮಡಚುತ್ತಾನೆ.

ಈ ಅಡುಗೆಗೆ ಒಲೆಯ ಸೌದೆ ಯಾರು? ಹೆಣ್ಣು. ನಾಯಕನಿಗೆ ಸಿಟ್ಟು ನೆತ್ತಿಗೇರಬೇಕಾದರೆ ತಂಗಿಯ ಮಾನ ಹೋಗಬೇಕು, ಇಲ್ಲವೇ ಹೆಂಡತಿಯ ಪ್ರಾಣ ಹೋಗಬೇಕು. ‘ಅಂತ’ದಲ್ಲಿ ಗರ್ಭಿಣಿ ಹೆಂಡತಿಯನ್ನು ಖಳರು ಹಿಂಸಿಸುತ್ತಾರೆ, ವೇಷ ಮರೆಸಿಕೊಂಡ ಗಂಡ ಮಿಸುಕುವಂತಿಲ್ಲ. ಆಗ ನಾವು ಟಾಕೀಸಿನಲ್ಲಿ ಅತ್ತದ್ದು ಯಾರಿಗಾಗಿ? ಅವಳಿಗಿಂತ ಹೆಚ್ಚಾಗಿ ಅವನಿಗಾಗಿ.

ಇನ್ನು ಖಳ. ಅವನಿರುವುದು ಗೋದಾಮಿನಲ್ಲಿ, ರೌಡಿಗಳ ಅಡ್ಡೆಯಲ್ಲಿ. ನಮ್ಮಲ್ಲಿ ಅನೇಕರು ಬಲ್ಲ ಖಳ ಮನೆಯಲ್ಲೇ ಊಟಕ್ಕೆ ಕೂತಿರುತ್ತಾನೆ. ಅವನನ್ನು ಹಿಡಿಯಲು ಜೀಪು ಹಾರಿಸಬೇಕಾಗಿಲ್ಲ, ಗಾಜು ಒಡೆಯಬೇಕಾಗಿಲ್ಲ. ಆದ್ದರಿಂದ ಆ ಕತೆಗಳಿಗೆ ಅವನು ಬೇಡ.

ಖಾಕಿಯನ್ನು ಹೆಣ್ಣಿಗೆ ತೊಡಿಸಿದರೆ ಸರಿಹೋಯಿತೇ? 2009ರ ‘ಕಿರಣ್ ಬೇಡಿ’ಯಲ್ಲಿ ಮಾಲಾಶ್ರೀ ಬಾರಿಸುವುದನ್ನು ನೋಡಿ ನಾನೂ ಖುಷಿಪಟ್ಟೆ. ಆದರೆ ಮುಷ್ಟಿ ಬದಲಾಯಿತು, ಪಾಠ ಅದೇ ಉಳಿಯಿತು.

“ಬರೀ ಸಿನಿಮಾ ಬಿಡಿ” ಎನ್ನಬೇಡಿ. 2019ರ ಡಿಸೆಂಬರ್ 6ರಂದು, ಹೈದರಾಬಾದ್ ಬಳಿ ನಡೆದ ಅತ್ಯಾಚಾರ-ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತಾಗ, ಜನ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದರೆಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ಸಿರ್ಪುರ್‌ಕರ್ ಆಯೋಗ ಹೇಳಿದ್ದು 2022ರಲ್ಲಿ ಬಹಿರಂಗವಾಯಿತು. ವಿಚಾರಣೆಯೇ ನಡೆಯದ ಮೇಲೆ ಸತ್ತವರೇ ತಪ್ಪಿತಸ್ಥರೆಂದು ಸಾಬೀತಾಗುವುದು ಹೇಗೆ? ಅದೇ ಪ್ರಕರಣದಲ್ಲಿ, ಮಗಳು ಕಾಣೆಯಾದ ರಾತ್ರಿಯ ದೂರನ್ನು ದಾಖಲಿಸಲು ತಡಮಾಡಿದರೆಂದು ಮೂವರು ಪೊಲೀಸರು ಅಮಾನತಾಗಿದ್ದರು. ಗುಂಡಿಗೆ ಚಪ್ಪಾಳೆ ತಟ್ಟಿದವರಲ್ಲಿ ಆ ರಾತ್ರಿ ಬರೆಯದೆ ಉಳಿದ ಕಾಗದ ಎಷ್ಟು ಜನರಿಗೆ ನೆನಪಿತ್ತು?

ಗೆಳತಿಯರೇ, ನಮಗೆ ಬೇಕಾದದ್ದು ಆ ಕಾಗದ. ಗಂಭೀರ ಅಪರಾಧದ ದೂರನ್ನು, ಅದು ಯಾವ ಠಾಣೆಯ ಸರಹದ್ದಿನಲ್ಲೇ ನಡೆದಿರಲಿ, ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ಬರೆಯಲು ಒಪ್ಪದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೀಗೆನ್ನುತ್ತದೆ. ಈ ದೃಶ್ಯವನ್ನು ನಾನು ಯಾವ ಪೊಲೀಸ್ ಚಿತ್ರದಲ್ಲೂ ಕಂಡಿಲ್ಲ. ಇದಕ್ಕೆ ಹಿನ್ನೆಲೆ ಸಂಗೀತವಿಲ್ಲ, ಶಿಳ್ಳೆಯೂ ಬೀಳುವುದಿಲ್ಲ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೆ: ಸಾಂಗ್ಲಿಯಾನ ಬರುತ್ತಾನೆಂದು ಕಾಯಬೇಡಮ್ಮ. ಠಾಣೆಗೆ ಹೋಗುವ ದಿನ ಬಂದರೆ ಸಂಘದಿಂದ ಐದು ಜನ ಜೊತೆಗೆ ಬರುತ್ತೇವೆ. ಪ್ರತಿ ಕೈಗೆ ಬರುವವರೆಗೂ ಬೆಂಚಿನಿಂದ ಏಳುವುದಿಲ್ಲ.