ಮೂರು ಸರಣಿ, ಒಂದೇ ವೀಕೆಂಡ್: ಯಾವುದನ್ನು ಮೊದಲು ನೋಡೋದು?

"ಅಕ್ಕಾ, ವೀಕೆಂಡಲ್ಲಿ ನನಗೆ ಸಿಗೋದೇ ಆರು ಗಂಟೆ. ಮಾರ್ವೆಲ್ ಸರಣಿಗಳಲ್ಲಿ ಒಂದನ್ನೇ ನೋಡಬೇಕು ಅಂದ್ರೆ ಯಾವುದು?" ಅಂತ ಓದುಗರೊಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಈಗ ಸರಣಿಗಳ ಸಂಖ್ಯೆ ಎಷ್ಟಾಗಿದೆ ಅಂದ್ರೆ, ಲಿಸ್ಟ್ ನೋಡಿಯೇ ಸುಸ್ತಾಗುತ್ತೆ. ಹಾಗಾಗಿ 2021ರಲ್ಲಿ ಒಂದರ ಹಿಂದೆ ಒಂದರಂತೆ ಬಂದ ಮೊದಲ ಮೂರನ್ನೇ ಇವತ್ತು ಅಕ್ಕಪಕ್ಕ ಇಟ್ಟು ನೋಡೋಣ: 'ವಾಂಡಾವಿಷನ್', 'ದಿ ಫಾಲ್ಕನ್ ಆ್ಯಂಡ್ ದಿ ವಿಂಟರ್ ಸೋಲ್ಜರ್' ಮತ್ತು 'ಲೋಕಿ'. ಕಥೆಯ ಗುಟ್ಟು ರಟ್ಟಾಗುತ್ತೆ, ಮೊದಲೇ ಹೇಳಿಬಿಡ್ತೀನಿ. ಇನ್ನೂ ನೋಡಿಲ್ಲದವರು ಸೀದಾ ಕೊನೆಯ ಪ್ಯಾರಾಗಳಿಗೆ ಹೋಗಿ.

ಈ ಮೂರನ್ನು ನಾನು ನೋಡಿದ ರೀತಿಯೂ ಸ್ವಲ್ಪ ಬೇರೆ. ಆಗ ತಮ್ಮ ಪುಣೆಯಲ್ಲಿ, ನಾನು ಬೆಂಗಳೂರಲ್ಲಿ, ಚಿಕ್ಕಪ್ಪ ದಾವಣಗೆರೆಯಲ್ಲಿ. ಶುಕ್ರವಾರ ರಾತ್ರಿ ಮೂವರೂ ಕಾಲ್‌ನಲ್ಲಿದ್ದುಕೊಂಡು ಒಟ್ಟಿಗೆ ಪ್ಲೇ ಒತ್ತುತ್ತಿದ್ದೆವು. ನಮ್ಮಿಬ್ಬರಿಗೂ ಸಿನಿಮಾ ಹುಚ್ಚು ಹತ್ತಿಸಿದ್ದೇ ಚಿಕ್ಕಪ್ಪ. 'ವಾಂಡಾವಿಷನ್' ಶುರುವಾದ ದಿನ ಅವರ ಮೊದಲ ಮಾತು: "ಏನ್ರೋ ಇದು, ಕಲರ್ ಹೋಗ್ಬಿಟ್ಟಿದೆ? ನಮ್ಮ ಟಿವಿ ಕೆಟ್ಟಿತಾ?"

ಟಿವಿ ಸರಿಯಾಗಿಯೇ ಇತ್ತು. ವೆಸ್ಟ್‌ವ್ಯೂ ಅನ್ನೋ ಪುಟ್ಟ ಊರಲ್ಲಿ ವಾಂಡಾ ಮತ್ತು ವಿಷನ್ ಸಂಸಾರ ಹೂಡಿರುತ್ತಾರೆ. ಮೊದಲ ಕಂತು 1950ರ ದಶಕದ ಅಮೆರಿಕನ್ ಹಾಸ್ಯ ಧಾರಾವಾಹಿಯ ಹಾಗಿದೆ. ಕಪ್ಪು-ಬಿಳುಪು, ಹಿನ್ನೆಲೆಯಲ್ಲಿ ನಗು, ಎಲ್ಲವೂ ಉಂಟು. ಅದನ್ನು ನಿಜಕ್ಕೂ ಪ್ರೇಕ್ಷಕರನ್ನು ಕೂರಿಸಿಕೊಂಡೇ ಚಿತ್ರೀಕರಿಸಿದ್ದರು. ಮುಂದಿನ ಕಂತುಗಳಲ್ಲಿ ದಶಕ ಬದಲಾಗುತ್ತಾ, ಬಣ್ಣ ಬರುತ್ತೆ, ಮಕ್ಕಳಾಗುತ್ತವೆ. ನಾಲ್ಕನೇ ಕಂತಿನಲ್ಲಿ ಕ್ಯಾಮೆರಾ ಊರಿನ ಹೊರಗೆ ಬಂದಾಗಲೇ ಅಸಲಿ ವಿಷಯ ಗೊತ್ತಾಗೋದು. ವಿಷನ್ ಸತ್ತಿದ್ದಾನೆ. ದುಃಖ ತಡೆಯಲಾರದೆ ವಾಂಡಾ ಇಡೀ ಊರನ್ನೇ ತನ್ನ ಧಾರಾವಾಹಿಯನ್ನಾಗಿ ಮಾಡಿಕೊಂಡಿದ್ದಾಳೆ.

ಧಾರಾವಾಹಿಯೇ ಯಾಕೆ? ಎಂಟನೇ ಕಂತಲ್ಲಿ ಉತ್ತರ ಇದೆ. ಯುದ್ಧದ ನಡುವಿನ ಸೊಕೋವಿಯಾದಲ್ಲಿ ಅಪ್ಪ, ಅಮ್ಮ, ಅಣ್ಣನ ಜೊತೆ ಕೂತು ಇಂಥದ್ದೇ ಡಿವಿಡಿ ನೋಡುತ್ತಿದ್ದಾಗ ಮನೆ ಮೇಲೆ ಶೆಲ್ ಬಿದ್ದಿರುತ್ತೆ. ಆಮೇಲೆ ಅಣ್ಣನೂ ಹೋದ, ವಿಷನ್ ಕೂಡ ಹೋದ. ಅವಳ ಪಾಲಿಗೆ ಸುಖ ಅಂದ್ರೆ ಟಿವಿ ಮುಂದೆ ನಾಲ್ಕು ಜನ ಕೂತ ಆ ಒಂದು ಸಂಜೆ. ಎಲಿಜಬೆತ್ ಓಲ್ಸನ್ ಒಂದೇ ಮುಖದಲ್ಲಿ ಇಷ್ಟು ದಶಕಗಳ ನಟನಾ ಶೈಲಿ ತಂದಿರೋದು ನೋಡೋಕೇ ಒಂದು ಹಬ್ಬ.

ಕೊನೆಯ ಕಂತು ಮಾತ್ರ ಮಾಮೂಲಿ: ಆಕಾಶದಲ್ಲಿ ಹಾರಾಟ, ಕೈಯಿಂದ ಬೆಳಕಿನ ಬಾಣ. ಅದು ಮುಗಿದ ಮೇಲೆ ಚಿಕ್ಕಪ್ಪ ಒಂದೇ ಪ್ರಶ್ನೆ ಕೇಳಿದ್ದು: "ಅವಳ ಕಥೆ ಸರಿ. ಆ ಊರಿನವರ ಗತಿ ಏನು?" ವಾಂಡಾಳ ಹಿಡಿತದಲ್ಲಿ ಅಷ್ಟು ದಿನ ನರಳಿದ ಜನರ ಮಧ್ಯದಿಂದ ಅವಳು ಸುಮ್ಮನೆ ನಡೆದು ಹೋಗ್ತಾಳೆ. ಸರಣಿಯ ದೊಡ್ಡ ಕೊರತೆಯನ್ನು ಅವರು ಒಂದು ಸಾಲಲ್ಲಿ ಹೇಳಿದ್ದರು. ನಾವಿಬ್ಬರೂ ಆಗ ನಕ್ಕು ಸುಮ್ಮನಾದೆವು.

ಎರಡು ವಾರದ ನಂತರ, ಮಾರ್ಚ್ 19ಕ್ಕೆ ಬಂದದ್ದು 'ಫಾಲ್ಕನ್'. ಆರು ಕಂತು. ಇಲ್ಲಿ ಪ್ರಶ್ನೆ ಬೇರೆ: ಹೋದವರು ಬಿಟ್ಟುಹೋದ ಜವಾಬ್ದಾರಿಯನ್ನು ಯಾರು ಹೊರಬೇಕು? ಕ್ಯಾಪ್ಟನ್ ಅಮೆರಿಕ ತನ್ನ ಗುರಾಣಿಯನ್ನು ಸ್ಯಾಮ್‌ಗೆ ಕೊಟ್ಟಿದ್ದಾನೆ. ಸ್ಯಾಮ್ ಅದು ತನ್ನದಲ್ಲ ಅಂದುಕೊಂಡು ಮ್ಯೂಸಿಯಂಗೆ ಕೊಡ್ತಾನೆ, ಸರ್ಕಾರ ಅದನ್ನು ಎತ್ತಿ ಇನ್ನೊಬ್ಬನ ಕೈಗಿಡುತ್ತೆ. ಈ ಸರಣಿಯಲ್ಲಿ ನನಗೆ ಹೊಡೆದಾಟಕ್ಕಿಂತ ಚೆನ್ನಾಗಿ ನೆನಪಿರೋದು ಬ್ಯಾಂಕಿನ ದೃಶ್ಯ. ಅಕ್ಕತಂಗಿಯರ ಮನೆಗೆ ಸಾಲ ಕೇಳೋಕೆ ಹೋದವರಿಗೆ ಇದು ಅರ್ಥ ಆಗುತ್ತೆ. ಜಗತ್ತನ್ನು ಉಳಿಸಿದ ಸ್ಯಾಮ್, ತಂಗಿ ಸಾರಾ ಜೊತೆ ಹೋಗಿ ಸಾಲ ಕೇಳ್ತಾನೆ. ಅಧಿಕಾರಿ ಅವನನ್ನು ಗುರುತು ಹಿಡಿದು ಖುಷಿಪಡ್ತಾನೆ, ಸಾಲ ಮಾತ್ರ ಕೊಡೋದಿಲ್ಲ.

ಇನ್ನೊಂದು ಪಾತ್ರ ಐಸಾಯಾ ಬ್ರಾಡ್ಲಿ. ಅವನಿಗೂ ಸೂಪರ್ ಸೋಲ್ಜರ್ ಸೀರಮ್ ಕೊಟ್ಟಿದ್ದರು. ಆದರೆ ಕಪ್ಪು ಜನಾಂಗದವನಾದ ಅವನಿಗೆ ಸಿಕ್ಕಿದ್ದು ಗುರಾಣಿಯಲ್ಲ, 30 ವರ್ಷದ ಜೈಲು. ಅವನ ಕಥೆ ಕೇಳಿದ ಮೇಲೂ ಆ ಗುರಾಣಿ ಎತ್ತಿಕೊಳ್ಳೋದು ಸ್ಯಾಮ್‌ಗೆ ಸುಲಭದ ಮಾತಲ್ಲ. ಎದುರಾಳಿ ಗುಂಪಿನ ಉದ್ದೇಶ ಕೊನೆವರೆಗೂ ಗೊಂದಲವೇ, ಸ್ಯಾಮ್‌ನ ಕೊನೆಯ ಭಾಷಣವೂ ಉದ್ದವಾಯ್ತು. ಆದರೂ ಸ್ಯಾಮ್, ಬಕ್ಕಿ ಮತ್ತು ಊರವರು ಸೇರಿ ಹಳೇ ದೋಣಿ ರಿಪೇರಿ ಮಾಡೋ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ.

ಕೊನೆಯ ಕಂತು ಬಂದದ್ದು ಏಪ್ರಿಲ್ 23ಕ್ಕೆ. ಎರಡನೇ ಅಲೆ ಜೋರಾಗಿದ್ದ ದಿನಗಳು ನಿಮಗೂ ನೆನಪಿರಬಹುದು. ಆ ರಾತ್ರಿ ಚಿಕ್ಕಪ್ಪ ಸ್ವಲ್ಪ ಕೆಮ್ಮುತ್ತಿದ್ದರು. "ನೀವಿಬ್ರೂ ನೋಡ್ರಿ, ನಾನು ನಾಳೆ ನೋಡ್ತೀನಿ" ಅಂದರು. ಮೇ ತಿಂಗಳಲ್ಲಿ ಹೋಗಿಬಿಟ್ಟರು. ನಮ್ಮಿಬ್ಬರಿಗೂ ಊರಿಗೆ ಹೋಗೋಕಾಗಲಿಲ್ಲ.

ಜೂನ್ 9ಕ್ಕೆ 'ಲೋಕಿ' ಶುರುವಾಯ್ತು. ತಮ್ಮನೇ ಫೋನ್ ಮಾಡಿ, "ಅಕ್ಕಾ, ನೋಡೋಣ್ವಾ?" ಅಂದ. ಮೊದಲ ಕಂತಲ್ಲೇ, ಕಾಲವನ್ನು ಕಾಯುವ ಟಿವಿಎ ಅನ್ನೋ ಆಫೀಸಿನಲ್ಲಿ ಲೋಕಿಯನ್ನು ಕೂರಿಸಿ ಅವನದೇ ಮುಂದಿನ ಬದುಕಿನ ರೀಲ್ ತೋರಿಸ್ತಾರೆ. ಅಮ್ಮನ ಸಾವು, ತನ್ನ ಸಾವು, ಆಮೇಲೆ ರೀಲ್ ಮುಗೀತು. ಅಹಂಕಾರದ ಮುದ್ದೆಯಂತಿದ್ದವನ ಮುಖ ಅಲ್ಲಿ ಕರಗುತ್ತೆ. ತಮ್ಮ ಆ ದೃಶ್ಯದಲ್ಲಿ ಫೋನ್ ಮ್ಯೂಟ್ ಮಾಡಿದ. ನಾನೂ ಏನೂ ಕೇಳಲಿಲ್ಲ.

'ಲೋಕಿ'ಯಲ್ಲಿ ಮಾತು ಜಾಸ್ತಿ, ಮೊದಲ ಸೀಸನ್ನಿನ ಕೊನೆಯ ಕಂತಂತೂ ಹೆಚ್ಚುಕಡಿಮೆ ಒಂದು ದೀರ್ಘ ಸಂಭಾಷಣೆ. ಆದರೆ ಟಾಮ್ ಹಿಡಲ್‌ಸ್ಟನ್ ಮತ್ತು ಓವನ್ ವಿಲ್ಸನ್ ಎದುರುಬದುರು ಕೂತರೆ ಬೇಜಾರು ಅನ್ನೋದೇ ಇಲ್ಲ. ಟಿವಿಎ ಮೇಜಿನ ಡ್ರಾಯರಿನಲ್ಲಿ ಇನ್‌ಫಿನಿಟಿ ಸ್ಟೋನ್‌ಗಳು ಕಸದ ಹಾಗೆ ಬಿದ್ದಿರೋದು ನೋಡಿ ಆಫೀಸ್ ಜೀವನದವರೆಲ್ಲ ನಕ್ಕೇ ನಗ್ತೀರಿ. 2023ರಲ್ಲಿ ಬಂದ ಎರಡನೇ ಸೀಸನ್ ಕೊನೆಗೆ, ಸಿಂಹಾಸನಕ್ಕಾಗಿ ಹಂಬಲಿಸಿದವನಿಗೆ ಸಿಂಹಾಸನ ಸಿಗುತ್ತೆ. ಆದರೆ ಅಲ್ಲಿ ಅವನೊಬ್ಬನೇ, ಎಲ್ಲರ ಕಾಲದ ಎಳೆಗಳನ್ನು ಕೈಯಲ್ಲಿ ಹಿಡಿದು ಕೂತಿರ್ತಾನೆ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟರೆ ನನಗೆ ಕಾಣೋದು ಇಷ್ಟು. ವಾಂಡಾ ಹೋದವರನ್ನು ಬಿಡೋದಿಲ್ಲ. ಸ್ಯಾಮ್ ಅವರು ಬಿಟ್ಟದ್ದನ್ನು ಹೊರಲು ಹೆದರಿ, ಕೊನೆಗೆ ತನ್ನ ರೀತಿಯಲ್ಲಿ ಹೊರ್ತಾನೆ. ಲೋಕಿ ತನ್ನ ಅಂತ್ಯ ಮೊದಲೇ ಕಂಡು ಬೇರೆಯವನಾಗ್ತಾನೆ. ಕಲೆಯ ಲೆಕ್ಕದಲ್ಲಿ 'ಲೋಕಿ'ಯೇ ಹೆಚ್ಚು ಅಚ್ಚುಕಟ್ಟು. ಆದರೆ ನನ್ನ ಓಟು 'ವಾಂಡಾವಿಷನ್'ಗೆ.

ಕಾರಣ ಹೇಳ್ತೀನಿ. ಚಿಕ್ಕಮ್ಮ ಇವತ್ತಿಗೂ ಚಿಕ್ಕಪ್ಪನ ಸಿಮ್‌ಗೆ ರೀಚಾರ್ಜ್ ಮಾಡಿಸ್ತಾರೆ. "ಸುಮ್ನೆ ದುಡ್ಡು ದಂಡ" ಅಂತ ಮೊದಮೊದಲು ನಾನೇ ಜಗಳ ಮಾಡಿದ್ದೆ. ಕಳೆದ ವರ್ಷ 'ವಾಂಡಾವಿಷನ್' ಮತ್ತೆ ನೋಡುವಾಗ ಚಿಕ್ಕಪ್ಪನ ಪ್ರಶ್ನೆ ನೆನಪಾಯ್ತು: ಊರಿನವರ ಗತಿ ಏನು? ವಾಂಡಾಳ ತಪ್ಪು ಇರೋದು ದುಃಖದಲ್ಲಿ ಅಲ್ಲ, ಅದರೊಳಗೆ ಬೇರೆಯವರನ್ನು ಕೂಡಿಹಾಕಿದ್ದರಲ್ಲಿ. ಚಿಕ್ಕಮ್ಮನ ರೀಚಾರ್ಜ್ ಯಾರನ್ನೂ ಕೂಡಿಹಾಕಿಲ್ಲ. ಆಮೇಲೆ ನಾನು ಜಗಳ ನಿಲ್ಲಿಸಿದೆ. ಈಗ ಹಬ್ಬಕ್ಕೆ ಆ ನಂಬರಿಗೇ ಫೋನ್ ಮಾಡ್ತೀನಿ, ಚಿಕ್ಕಮ್ಮ ಎತ್ತುತ್ತಾರೆ.

ಸರಿ, ಕೆಲಸದ ಮಾತು. ಆರು ಗಂಟೆ ಇದ್ದರೆ 'ವಾಂಡಾವಿಷನ್', ಒಂಬತ್ತೂ ಕಂತು ಆರಾಮಾಗಿ ಮುಗಿಯುತ್ತೆ. ಮೊದಲು 'ಇನ್‌ಫಿನಿಟಿ ವಾರ್' ನೋಡಿದ್ದರೆ ಸಾಕು. ಮೊದಲೆರಡು ಕಂತು ನಿಧಾನ ಅನಿಸಿದರೂ ನಾಲ್ಕನೆಯದರವರೆಗೆ ತಾಳ್ಮೆ ಇರಲಿ. ಹೊಡೆದಾಟ ಬೇಕು ಅಂದ್ರೆ 'ಎಂಡ್‌ಗೇಮ್' ನೋಡಿ 'ಫಾಲ್ಕನ್'ಗೆ ಹೋಗಿ. ಎರಡು ವೀಕೆಂಡ್ ಇದ್ದರೆ 'ಲೋಕಿ'ಯ ಎರಡೂ ಸೀಸನ್, ಬೇರೆ ಯೋಚನೆಯೇ ಬೇಡ.

ಮುಂದಿನ ವಾರ 'ಮಿಸ್ ಮಾರ್ವೆಲ್'. ಜರ್ಸಿ ಸಿಟಿಯ ಹುಡುಗಿಯೊಬ್ಬಳ ಕೈಬಳೆ 1947ರ ದೇಶ ವಿಭಜನೆಯ ರೈಲಿನವರೆಗೆ ಹೇಗೆ ಕರೆದೊಯ್ಯುತ್ತೆ ಅಂತ ನೋಡೋಣ. ಅಲ್ಲಿವರೆಗೆ, ಈ ಮೂರರಲ್ಲಿ ನಿಮ್ಮ ಓಟು ಯಾವುದಕ್ಕೆ, ಯಾರ ಜೊತೆ ಕೂತು ನೋಡಿದ್ರಿ ಅಂತ ಬರೆದು ತಿಳಿಸಿ.