ಹೊಲಿಗೆ ಬಿಚ್ಚಿದ ಮಾತ್ರಕ್ಕೆ ಮಗು ಗುಣವಾಯಿತೇ?



ಕೂಲಿಕಾರನ ಮಗುವಿಗೆ ಲಿವರ್ ಬದಲಿಸಿದರೆಂದು ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ದೊಡ್ಡವರೆಲ್ಲ ಸಾಲಾಗಿ ನಿಂತು ನಗುತ್ತಾರೆ. ಆರು ತಿಂಗಳ ಮೇಲೆ ಅದೇ ಮಗುವಿಗೆ ಜ್ವರ ಬಂದು ಕಣ್ಣು ಹಳದಿಯಾದರೆ ಚಿತ್ರ ತೆಗೆಯಲು ಯಾರೂ ಬರುವುದಿಲ್ಲ. ಬಸ್ ಚಾರ್ಜಿಗೆ ಸಾಲ ಕೇಳಲು ತಾಯಿ ಮೇಸ್ತ್ರಿಯ ಬಾಗಿಲಲ್ಲಿ ನಿಲ್ಲಬೇಕು. ಆಪರೇಷನ್ ಆದ ದಿನದ ಬಗ್ಗೆ ನಮಗೆ ತಕರಾರಿಲ್ಲ. ನಮ್ಮ ತಕರಾರು ಈ ಎರಡನೆಯ ದಿನದ ಬಗ್ಗೆ.

ಮೊದಲು ವಿಷಯ ತಿಳಿಯೋಣ. ಲಿವರಿನಲ್ಲಿ ಹುಟ್ಟುವ ಪಿತ್ತರಸ ನಾಳದ ಮೂಲಕ ಕರುಳಿಗೆ ಇಳಿಯಬೇಕು. ಕೆಲವು ಕೂಸುಗಳಲ್ಲಿ ಈ ನಾಳವೇ ಮುಚ್ಚಿಹೋಗಿರುತ್ತದೆ. ಮಕ್ಕಳಿಗೆ ಲಿವರ್ ಬದಲಿಸುವುದಕ್ಕೆ ಅತಿ ಹೆಚ್ಚಿನ ಕಾರಣ ಇದೇ. 1963ರಲ್ಲಿ ಅಮೆರಿಕದ ಡಾ. ಥಾಮಸ್ ಸ್ಟಾರ್ಜಲ್ ಮೊಟ್ಟಮೊದಲು ಲಿವರ್ ಬದಲಿಸಲು ಯತ್ನಿಸಿದ್ದೂ ಇಂಥ ಮೂರು ವರ್ಷದ ಮಗುವಿಗೆ. ಆ ಮಗು ಉಳಿಯಲಿಲ್ಲ. ನಮ್ಮ ದೇಶದಲ್ಲಿ 1998ರ ನವೆಂಬರಿನಲ್ಲಿ ದೆಹಲಿಯ ಅಪೋಲೋ ಆಸ್ಪತ್ರೆಯಲ್ಲಿ ಕಾಂಚೀಪುರದ ಇಪ್ಪತ್ತು ತಿಂಗಳ ಮಗುವಿಗೆ ತಂದೆಯ ಲಿವರಿನ ತುಂಡು ಜೋಡಿಸಿದರು. ಆ ಮಗು ಬೆಳೆದು ಇಂದು ತಾನೇ ವೈದ್ಯನಾಗಿದ್ದಾನೆ. ಹೀಗಿರುವಾಗ ಇದು ಆಗದ ಕೆಲಸವೆಂದು ಯಾರೂ ಹೇಳಬಾರದು.

ಆದರೆ ತಾಯಿಯ ಅಥವಾ ತಂದೆಯ ಲಿವರಿನಿಂದ ತೆಗೆದ ತುಂಡಿನಲ್ಲಿ ಪಿತ್ತನಾಳ ಬಹಳ ಸಣ್ಣದು. ಅದನ್ನು ಮಗುವಿನ ಕರುಳಿಗೆ ಹೊಲಿದು ಜೋಡಿಸುತ್ತಾರೆ. ಮೊದಲ ವಾರಗಳಲ್ಲಿ ಆ ಜೋಡಣೆ ಸೋರಬಹುದು. ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ, ಗಾಯದ ಕಲೆ ಬಿಗಿದು ನಾಳ ಕಿರಿದಾಗಬಹುದು. ನಾಳಕ್ಕೆ ರಕ್ತ ಕೊಡುವ ಧಮನಿ ಕಟ್ಟಿದರೆ ನಾಳವೇ ಕೆಡುತ್ತದೆ. ಲಿವರ್ ಬದಲಿಸಿದ ಮಕ್ಕಳಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಮಂದಿಗೆ ಇಂಥ ತೊಂದರೆ ಬರುತ್ತದೆಂದು ಬೇರೆಬೇರೆ ಆಸ್ಪತ್ರೆಗಳ ಲೆಕ್ಕ ಹೇಳುತ್ತದೆ. ಆದುದರಿಂದ ಇದು ಎಲ್ಲೋ ಒಬ್ಬರ ಹಣೆಬರಹವಲ್ಲ, ಮೊದಲೇ ಲೆಕ್ಕಕ್ಕೆ ಹಿಡಿಯಬೇಕಾದ ಮಾತು.

ಕಾಲುವೆಗೆ ಹೂಳು ತುಂಬಿದರೆ ನೀರು ಹಿಂದಕ್ಕೆ ನಿಂತು ಗದ್ದೆ ಕೊಳೆಯುತ್ತದೆ. ಪಿತ್ತ ನಿಂತರೆ ಹೊಸ ಲಿವರೂ ಹಾಗೆಯೇ ಕೆಡುತ್ತದೆ. ಚಳಿಜ್ವರ, ಮೈ ತುರಿಕೆ, ಹಳದಿ ಕಣ್ಣು, ಕಡು ಬಣ್ಣದ ಮೂತ್ರ, ಬಿಳಿಚಿದ ಮಲ ಇದರ ಗುರುತುಗಳು. ಒಮ್ಮೊಮ್ಮೆ ಯಾವ ಗುರುತೂ ಇಲ್ಲದೆ ರಕ್ತಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ. ಸ್ಕ್ಯಾನ್ ಮಾಡಿ ಜಾಗ ಗುರುತಿಸಿ, ಪಕ್ಕೆಯ ಚರ್ಮದ ಮೂಲಕ ಸೂಜಿ ಹಾಕಿ, ತಂತಿ ತೂರಿಸಿ, ಬಲೂನಿನಿಂದ ನಾಳವನ್ನು ಹಿಗ್ಗಿಸಿ, ತೆಳ್ಳನೆಯ ಕೊಳವೆ ಇಡುತ್ತಾರೆ. ಕರುಳಿಗೆ ಜೋಡಿಸಿದ ಮಕ್ಕಳಲ್ಲಿ ಬಾಯಿಯಿಂದ ಕೊಳವೆ ಇಳಿಸಿ ಅಲ್ಲಿಗೆ ತಲುಪುವುದು ಕಷ್ಟ. ಅದಕ್ಕೇ ಈ ದಾರಿ. ಕೊಳವೆಯನ್ನು ತಿಂಗಳುಗಟ್ಟಲೆ ಇಟ್ಟು ಮತ್ತೆ ಮತ್ತೆ ಬದಲಿಸಬೇಕು. ಹೆಚ್ಚಿನ ಮಕ್ಕಳಲ್ಲಿ ಇಷ್ಟರಿಂದಲೇ ದಾರಿ ತೆರೆಯುತ್ತದೆ. ತೆರೆಯದಿದ್ದರೆ ಮತ್ತೆ ಶಸ್ತ್ರಚಿಕಿತ್ಸೆ. ತಡಮಾಡಿದರೆ ಇನ್ನೊಂದು ಲಿವರೇ ಬೇಕಾದೀತು.

ಇಲ್ಲಿ ಕೆಲವು ಬುದ್ಧಿವಂತರು ಕೇಳುತ್ತಾರೆ: ಒಂದು ಮಗುವಿಗೆ ಎಷ್ಟು ಸಲ ಖರ್ಚು ಮಾಡುವುದು? ಅದೇ ಹಣದಲ್ಲಿ ಸಾವಿರ ಮಕ್ಕಳಿಗೆ ಚುಚ್ಚುಮದ್ದು ಹಾಕಬಹುದಲ್ಲ? ಸಿರಿವಂತನ ಮಗುವಿನ ಮುಂದೆ ಈ ಲೆಕ್ಕವನ್ನು ಇವರು ಎಂದಾದರೂ ತೆರೆದಿದ್ದಾರೆಯೇ? ಬಡವನ ಒಂದು ಮಗುವನ್ನು ಬಡವನ ಇನ್ನೊಂದು ಮಗುವಿನ ಮೇಲೆ ಎತ್ತಿಕಟ್ಟುವ ಲೆಕ್ಕ ಇದು. ಲಕ್ಷಗಟ್ಟಲೆ ಸುರಿದು ಲಿವರ್ ಕೊಟ್ಟ ಮೇಲೆ ಕೊಳವೆಗೆ ಕೈ ಹಿಡಿಯುವುದು, ಆನೆ ಕೊಟ್ಟು ಅಂಕುಶಕ್ಕೆ ಜಗಳವಾಡಿದ ಹಾಗೆ.

ರಾಯದುರ್ಗ, ಮಡಕಶಿರದ ಕನ್ನಡ ಮನೆಗಳನ್ನು ನೋಡಿರಿ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ಅನಂತಪುರಕ್ಕೆ ಹೋಯಿತು. ಮಡಕಶಿರ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಶೇಂಗಾ ಕೈಕೊಟ್ಟ ವರ್ಷ ಜನ ಮನೆಗೆ ಬೀಗ ಹಾಕಿ ಗಡಿ ದಾಟಿ ಕೂಲಿಗೆ ಹೋಗುತ್ತಾರೆ. ಕಾಯಿಲೆ ಬಂದರೆ ಒಬ್ಬರಿಗೆ ಬಳ್ಳಾರಿ ಹತ್ತಿರ, ಇನ್ನೊಬ್ಬರಿಗೆ ತುಮಕೂರು, ಬೆಂಗಳೂರು. ಕಾರ್ಡು ಮಾತ್ರ ಆಂಧ್ರದ್ದು. 2007ರಲ್ಲಿ ಆರಂಭವಾದ ಆರೋಗ್ಯಶ್ರೀ ಈಗ ಎನ್‌.ಟಿ.ಆರ್‌. ವೈದ್ಯ ಸೇವೆ ಎನಿಸಿಕೊಂಡಿದೆ. 2019ರಲ್ಲಿ ಅದನ್ನು ಬೆಂಗಳೂರಿನ ಕೆಲವು ಆಸ್ಪತ್ರೆಗಳಿಗೂ ವಿಸ್ತರಿಸಿದರು. 2023ರ ಡಿಸೆಂಬರಿನಲ್ಲಿ ಮಿತಿಯನ್ನು 25 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಮಿತಿ ದೊಡ್ಡದಾದರೆ ಸಾಲದು. ಮೂರನೆಯ ಸಲದ ಕೊಳವೆ, ನಾಲ್ಕನೆಯ ಸ್ಕ್ಯಾನು, ದಿನವೂ ನುಂಗುವ ಮಾತ್ರೆ ಇವೆಲ್ಲ ಆ ಕಾರ್ಡಿನೊಳಗೆ ಬರುತ್ತವೆಂದು ಆಪರೇಷನ್ನಿಗೆ ಮುಂಚೆಯೇ ಬರಹದಲ್ಲಿ ಕೊಡಲಿ.

ನಾವು ಕೇಳುವುದು ಇಷ್ಟು. ಲಿವರ್ ಬದಲಿಸಿದ ಆಸ್ಪತ್ರೆ ಅಪಾಯದ ಗುರುತುಗಳನ್ನೂ ಫೋನ್ ನಂಬರನ್ನೂ ಕನ್ನಡದಲ್ಲಿ ಬರೆದುಕೊಡಲಿ. ಜ್ವರ ಬಂದ ಇಂಥ ಮಗುವನ್ನು ತಾಲ್ಲೂಕು ಆಸ್ಪತ್ರೆ ಬರೇ ಜ್ವರದ ಮಾತ್ರೆ ಕೊಟ್ಟು ಕಳುಹಿಸದೆ, ಅದೇ ದಿನ ರಕ್ತ ಪರೀಕ್ಷಿಸಿ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಲಿ. ಮಗುವಿನೊಂದಿಗೆ ಹೋದ ಕೂಲಿಯ ಹೆಸರನ್ನು ತೋಟದ ದೊರೆಗಳು ಚೆಕ್‌ರೋಲಿನಿಂದ ಹೊಡೆಯದಿರಲಿ. ಆ ದಿನಗಳ ಕೂಲಿಯನ್ನೂ ಕೊಡಲಿ. ಬಸ್ ಚಾರ್ಜನ್ನು ಚಿಕಿತ್ಸೆಯ ಖರ್ಚಿನಲ್ಲಿ ಸೇರಿಸಲಿ.

ನಮ್ಮವರಿಗೂ ಒಂದು ಕಟುಮಾತು ಹೇಳದೆ ವಿಧಿಯಿಲ್ಲ. ಲಿವರ್ ಬದಲಿಸಿದ ಮಗುವಿಗೆ ಕಾಮಾಲೆಯ ಬೇರು ಅರೆದು ಕುಡಿಸಬೇಡಿರಿ, ಬರೆ ಹಾಕಿಸಬೇಡಿರಿ. ಮಗು ಚೆನ್ನಾಗಿ ಆಡುತ್ತಿದೆಯೆಂದು ಮಾತ್ರೆ ನಿಲ್ಲಿಸಬೇಡಿರಿ. ನಿಲ್ಲಿಸಿದರೆ ಮೈ ಹೊಸ ಲಿವರನ್ನು ತಳ್ಳಿಬಿಡುತ್ತದೆ. ಹುಟ್ಟಿದ ಕೂಸಿನ ಕಾಮಾಲೆ ಎರಡು ವಾರ ದಾಟಿದರೆ, ಮಲ ಸುಣ್ಣದ ಬಣ್ಣಕ್ಕೆ ತಿರುಗಿದರೆ, ಒಂದು ದಿನವೂ ಕಾಯಬೇಡಿರಿ. ನಾಳ ಮುಚ್ಚಿದ್ದರೆ ಅದಕ್ಕೆ ಮೊದಲ ಆಪರೇಷನ್ ಅರವತ್ತು ದಿನದೊಳಗೆ ಆದರೆ ಫಲ ಹೆಚ್ಚು.

ಎಷ್ಟು ಲಿವರ್ ಬದಲಿಸಿದೆವೆಂದು ಸರಕಾರಗಳು ಎಣಿಸಿಕೊಳ್ಳಲಿ. ಐದು ವರ್ಷದ ಮೇಲೆ ಅವರಲ್ಲಿ ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಂದು ನಾವು ಕೇಳೋಣ. ಉತ್ತರ ಸಿಗುವವರೆಗೂ ಕೇಳೋಣ.